ರೂಮಿಗೆ ದುಡ್ಡು ತಗೊಂಡ ಮೇಲೆ ಬಿಸಿನೀರಿಗೂ ಲೆಕ್ಕವಾ? ಕೊಡಗಿನ ಹೋಟೆಲ್, ರೆಸಾರ್ಟ್, ಹೋಂಸ್ಟೇ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಕೊಡಗಿನ ಹೋಟೆಲ್, ಲಾಡ್ಜ್, ರೆಸಾರ್ಟ್, ಹೋಂಸ್ಟೇ ಮಾಲೀಕರಿಗೆಲ್ಲ ನಮಸ್ಕಾರ. ಪ್ರವಾಸೋದ್ಯಮ ಇಲಾಖೆಯವರೂ ಓದಿದರೆ ಒಳ್ಳೆಯದು, ಅವರಿಗೂ ಕೊನೆಯಲ್ಲಿ ಎರಡು ಮಾತಿದೆ.

ನಾನು ಮಡಿಕೇರಿ ಹತ್ತಿರ ರಸ್ತೆ ಬದಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವವನು. ಸುತ್ತಮುತ್ತ ನಿಮ್ಮ ರೂಮುಗಳೇ ಜಾಸ್ತಿ. ಹಾಗಾಗಿ ಗೆಸ್ಟುಗಳಿಗೆ ಏನು ಸಿಗುತ್ತಿಲ್ಲ ಅನ್ನೋದು ಎಷ್ಟೋ ಸಲ ನಿಮಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಮೊದಲೆಲ್ಲ ಸಂಜೆ ಮೇಲೆ ಬರುವವರು ಚಿಪ್ಸು, ಸಿಗರೇಟು, ಹೋಂಮೇಡ್ ಚಾಕಲೇಟು ಕೇಳುತ್ತಿದ್ದರು. ಈಗ ಸೋಪು ಕೇಳುತ್ತಾರೆ. ಪೇಸ್ಟು, ಶಾಂಪೂ ಸ್ಯಾಶೆ, ನೀರಿನ ಬಾಟಲಿ, ಮೇಣದ ಬತ್ತಿ ಕೇಳುತ್ತಾರೆ. ಟವೆಲ್ ಇದೆಯಾ ಅಂತ ಕೇಳುವವರು ಜಾಸ್ತಿ ಆದ ಮೇಲೆ ಕುಶಾಲನಗರದಿಂದ ಒಂದು ಕಟ್ಟು ಟವೆಲ್ ತಂದಿಟ್ಟೆ, ಅದೂ ಖರ್ಚಾಗುತ್ತಿದೆ. ವ್ಯಾಪಾರ ನೋಡಿದರೆ ನಾನು ಬಾಯಿ ಮುಚ್ಚಿಕೊಂಡು ಇರಬೇಕಾದವನು. ಆದರೆ ಬೈಗುಳವೂ ನನ್ನ ಕೌಂಟರಿನ ಮುಂದೆಯೇ ಬೀಳುತ್ತದೆ, ಅದೂ ನಿಮ್ಮ ಬೋರ್ಡಿನ ಹೆಸರು ಹಿಡಿದು ಯಾರೂ ಬೈಯುವುದಿಲ್ಲ, "ಈ ಕೂರ್ಗಿನವರೇ ಹೀಗೆ" ಅಂತ ಎಲ್ಲರನ್ನೂ ಸೇರಿಸಿ ಬೈಯುತ್ತಾರೆ. ಕೇಳಿ ಕೇಳಿ ಸಾಕಾಗಿ ಬರೆಯುತ್ತಿದ್ದೇನೆ.

ಒಂದು ಉದಾಹರಣೆ ಹೇಳುತ್ತೇನೆ, ಹೋಟೆಲಿನ ಹೆಸರು ಬೇಡ. ಮಳೆಗಾಲದ ಒಂದು ರಾತ್ರಿ ಅಂಗಡಿ ಶಟರ್ ಎಳೆಯುವ ಹೊತ್ತಿಗೆ ಹಾಸನ ಕಡೆಯವರೊಬ್ಬರು ಕೊಡೆ ಒಂದು ಕೈಯಲ್ಲಿ, ಖಾಲಿ ಫ್ಲಾಸ್ಕ್ ಒಂದು ಕೈಯಲ್ಲಿ ಹಿಡಿದುಕೊಂಡು ಬಂದರು. ಮಗುವಿಗೆ ಹಾಲಿನ ಪುಡಿ ಕಲಸಲು ಬಿಸಿನೀರು ಬೇಕಂತೆ. ರೂಮಿನಲ್ಲಿದ್ದ ಕೆಟಲ್ ತೆಗೆದುಬಿಟ್ಟಿದ್ದಾರೆ, ಪ್ಲಗ್ ಪಾಯಿಂಟಿನ ಪಕ್ಕ ಟ್ರೇ ಮಾತ್ರ ಇದೆ. ಕಿಚನ್‌ಗೆ ಫೋನ್ ಮಾಡಿದರೆ ಒಂದು ಫ್ಲಾಸ್ಕಿಗೆ 60 ರೂಪಾಯಿ, ಅದೂ ಈಗ ಕಿಚನ್ ಬಂದ್ ಆಯಿತು ಸಾರ್ ಅಂದರಂತೆ. ನಮ್ಮ ಮನೆಯವಳು ಒಲೆ ಮೇಲಿದ್ದ ನೀರನ್ನೇ ಬಗ್ಗಿಸಿ ಕೊಟ್ಟಳು. ಅವರು ದುಡ್ಡು ತೆಗೆದರು. ಬಿಸಿನೀರಿಗೆ ಯಾರಾದರೂ ದುಡ್ಡು ತಗೋತಾರಾ ಮಾರಾಯ್ರೇ ಅಂದೆ. "ಅಲ್ಲಿ ತಗೋತಾರಲ್ಲ" ಅಂದರು. ಏನು ಹೇಳಲಿ? ಆ ರೂಮಿನ ಬಾಡಿಗೆ ನಾಲ್ಕು ಸಾವಿರದ ಮೇಲೆ.

ನಿಮ್ಮ ಕಷ್ಟ ಗೊತ್ತಿಲ್ಲ ಅಂತಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಕ್ಕಂದೂರು, ಜೋಡುಪಾಲ ಕಡೆ ಜನ ಮನೆಮಠ ಬಿಟ್ಟು ಬಂದಾಗ ಇಲ್ಲಿನ ರೂಮುಗಳೂ ಖಾಲಿ ಹೊಡೆದವು. ಮರುವರ್ಷ ಮತ್ತೆ ಮಳೆ, ಅದರ ಮರುವರ್ಷ ಕೊರೊನಾ. ಸಾಲ ಮಾಡಿ ಕಟ್ಟಿಸಿದ ಕಟ್ಟಡದ ಬಡ್ಡಿ ಮಾತ್ರ ಯಾವ ವರ್ಷವೂ ನಿಲ್ಲಲಿಲ್ಲ. ಬುಕಿಂಗ್ ಆ್ಯಪ್‌ನವರ ಕಮಿಷನ್ ಬೇರೆ, ಕರೆಂಟ್ ಹೋದರೆ ಜನರೇಟರಿನ ಡೀಸೆಲ್ ಬೇರೆ. ಕೆಲಸಕ್ಕೆ ಜನವೂ ಇಲ್ಲ, ತೋಟಕ್ಕೂ ಅಸ್ಸಾಂನವರು, ರೂಮು ಗುಡಿಸಲಿಕ್ಕೂ ಅಸ್ಸಾಂನವರು.

ಜಿಎಸ್‌ಟಿ ವಿಚಾರ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಕೇಳಿದಾಗಲೆಲ್ಲ ಅದನ್ನೇ ಮುಂದೆ ಹಿಡಿಯುತ್ತೀರಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿನ ತೆರಿಗೆ 12ರಿಂದ 5 ಪರ್ಸೆಂಟಿಗೆ ಇಳಿಯಿತು. ಗೆಸ್ಟಿಗೆ ಖುಷಿ. ಆದರೆ ಅದರ ಜೊತೆಗೆ ನಿಮ್ಮ ಇನ್‌ಪುಟ್ ಕ್ರೆಡಿಟ್ ಹೋಯಿತು, ಅಂದರೆ ಬೆಡ್‌ಶೀಟು, ಪೇಂಟು, ಗೀಸರು, ಲಾಂಡ್ರಿ ಅಂತ ನೀವು ಕಟ್ಟಿದ ತೆರಿಗೆಯನ್ನು ಈಗ ವಜಾ ಮಾಡಿಕೊಳ್ಳುವ ಹಾಗಿಲ್ಲ, ಪೂರ್ತಿ ನಿಮ್ಮ ಕೈಯಿಂದಲೇ. ಇದು ನಿಜವಾದ ಹೊಡೆತ, ಒಪ್ಪುತ್ತೇನೆ. ಆದರೆ ಅದೇ ದಿನ ಸೋಪು, ಶಾಂಪೂ, ಪೇಸ್ಟು, ಬ್ರಷ್ಷಿನ ತೆರಿಗೆಯೂ 18ರಿಂದ 5ಕ್ಕೆ ಬಂತು. ನಾನು ಅದನ್ನೇ ಮಾರುವವನು, ಬಿಲ್ಲು ನನ್ನ ಡ್ರಾಯರಿನಲ್ಲೇ ಇದೆ. ಎಲ್ಲ ಬಿಟ್ಟು ಯಾವುದು ಅಗ್ಗವಾಯಿತೋ ಅದಕ್ಕೇ ಮೊದಲು ಕತ್ತರಿ ಹಾಕಿದ್ದೀರಿ! ರೂಮಿಗೆ ಇಡುತ್ತಿದ್ದ ಆ ಹಪ್ಪಳದಷ್ಟು ತೆಳ್ಳಗಿನ ಸೋಪು ಹೋಲ್‌ಸೇಲ್‌ನಲ್ಲಿ ಐದಾರು ರೂಪಾಯಿ. ನಾಲ್ಕು ಸಾವಿರದಲ್ಲಿ ಐದಾರು ರೂಪಾಯಿ ಉಳಿಸಿ ಯಾರ ಬಡ್ಡಿ ತೀರುತ್ತದೆ?

ಇನ್ನು ಆ ಹಸಿರು ಕಾರ್ಡು. ಬಾತ್‌ರೂಮಿನ ಕನ್ನಡಿ ಪಕ್ಕ ಎಲೆಯ ಚಿತ್ರ ಹಾಕಿ ಅಂಟಿಸಿರುತ್ತೀರಲ್ಲ, ಪರಿಸರ ಉಳಿಸೋಣ, ಟವೆಲ್ ಮತ್ತೆ ಬಳಸಿ, ಬೇಕಾದವರು ಮಾತ್ರ ಸೋಪು ಕೇಳಿ ಪಡೆಯಿರಿ ಅಂತ. ಎರಡು ದಿನ ಇರುವವರು ಎರಡು ದಿನ ಒಂದೇ ಟವೆಲ್ ಬಳಸಿದರೆ ಯಾವ ತೊಂದರೆಯೂ ಇಲ್ಲ, ಮನೆಯಲ್ಲಿ ನಾವ್ಯಾರೂ ದಿನಾ ಟವೆಲ್ ಒಗೆಯಲ್ಲ. ಆದರೆ ನಿನ್ನೆ ಹೋದವರು ಮಲಗಿದ್ದ ಬೆಡ್‌ಶೀಟನ್ನೇ ಕೊಡವಿ, ತಿರುಗಿಸಿ ಹಾಕಿ ಇವತ್ತು ಬಂದವರನ್ನು ಮಲಗಿಸುವುದಕ್ಕೂ ಕಾವೇರಿಗೂ ಏನು ಸಂಬಂಧ? ಕಾರ್ಡಿನಲ್ಲಿ ನೀರು ಉಳಿಸಿ ಅಂತ ಬರೆದು ಹಿತ್ತಲಲ್ಲಿ ರೈನ್ ಡ್ಯಾನ್ಸ್ ನಡೆಸುವವರನ್ನೂ ನೋಡಿದ್ದೇನೆ. ಕೊಡಗಿನ ಜುಲೈಯಲ್ಲಿ ಪೈಪಿನ ನೀರಿನಲ್ಲಿ ರೈನ್ ಡ್ಯಾನ್ಸ್! ಐದು ನಿಮಿಷ ಅಂಗಳಕ್ಕೆ ಬಿಟ್ಟಿದ್ದರೆ ಸಾಕಿತ್ತು.

ಹೊರದೇಶದಲ್ಲೂ ಹೀಗೇ ಅಂತ ಒಬ್ಬ ಮಾಲೀಕರು ನನಗೆ ಹೇಳಿದರು. ಅರ್ಧ ಸರಿ. ಕ್ಯಾಲಿಫೋರ್ನಿಯಾದಲ್ಲಿ 50ಕ್ಕಿಂತ ಹೆಚ್ಚು ರೂಮಿರುವ ಹೋಟೆಲುಗಳು 2023ರಿಂದ ಸಣ್ಣ ಪ್ಲಾಸ್ಟಿಕ್ ಬಾಟಲಿಯಲ್ಲಿ ಶಾಂಪೂ ಕೊಡುವಂತಿಲ್ಲ. ಆದರೆ ಅಲ್ಲಿ ಹೋಗಿದ್ದು ಬಾಟಲಿ, ಶಾಂಪೂ ಹೋಗಲಿಲ್ಲ. ಗೋಡೆಗೆ ದೊಡ್ಡ ಪಂಪ್ ಬಾಟಲಿ ಹೊಡೆದು ಅದರಲ್ಲಿ ತುಂಬಿಸಿಡುತ್ತಾರೆ. ದಕ್ಷಿಣ ಕೊರಿಯಾದಲ್ಲಿ 2024ರ ಮಾರ್ಚ್‌ನಿಂದ ದೊಡ್ಡ ಹೋಟೆಲಿನವರು ಬಿಸಾಡುವ ಬ್ರಷ್ಷನ್ನು ಪುಕ್ಕಟೆ ಕೊಡುವ ಹಾಗಿಲ್ಲ, ಶಾಂಘೈನಲ್ಲಿ 2019ರ ಜುಲೈಯಿಂದ ಕೇಳದೆ ಕೊಡುವಂತಿಲ್ಲ. ಇವೆಲ್ಲ ಕಾನೂನು, ಊರಿಗೆಲ್ಲ ಗೊತ್ತಿರುವ ವಿಷಯ, ಜನ ಮನೆಯಿಂದಲೇ ಬ್ರಷ್ ಹಾಕಿಕೊಂಡು ಹೊರಡುತ್ತಾರೆ. ನಿಮ್ಮಲ್ಲಿ ಗೊತ್ತಾಗುವುದು ರಾತ್ರಿ ಒದ್ದೆ ತಲೆಯಲ್ಲಿ ಬಾತ್‌ರೂಮಿನೊಳಗೆ ನಿಂತಾಗ. ನೀವೂ ಪಂಪ್ ಬಾಟಲಿ ಹಾಕಿ, ಯಾರೂ ಬೇಡ ಅನ್ನಲ್ಲ. ಅದಕ್ಕೆ ಮುಕ್ಕಾಲು ನೀರು ಬೆರೆಸಬೇಡಿ, ಅಷ್ಟೇ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಖರ್ಚು ಕಡಿಮೆ ಮಾಡಲೇಬೇಕು ಅಂದರೆ ಮಾಡಿ. ಆದರೆ ಕೊಡಗಿನಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅಂತ ಕೊಡಗಿನವರಾಗಿ ಯೋಚಿಸಿ ಮಾಡಿ. ಬೆಂಗಳೂರಿನ ಯಾರೋ ಕನ್ಸಲ್ಟೆಂಟ್ ಕೊಟ್ಟ ಪಟ್ಟಿ ಇಟ್ಟುಕೊಂಡು ಇಲ್ಲಿ ಕತ್ತರಿಸಿದರೆ ಹೀಗೇ ಆಗುವುದು. ಟಿವಿ ತೆಗೆಯಿರಿ, ಮಳೆ ಬಂದರೆ ಹೇಗೂ ಸಿಗ್ನಲ್ ಇರಲ್ಲ. ಎಸಿ ಬೇಡವೇ ಬೇಡ. ಶವರ್ ಕ್ಯಾಪು, ಬಾಚಣಿಗೆ, ಹೊಲಿಗೆ ಸೂಜಿಯ ಪೊಟ್ಟಣ, ಬೆಡ್ಡಿನ ಮೇಲೆ ಟವೆಲಿನಲ್ಲಿ ಮಾಡಿಟ್ಟ ಹಂಸಪಕ್ಷಿ, ಇವು ಯಾವುದೂ ಇಲ್ಲದಿದ್ದರೆ ಒಬ್ಬರೂ ನನ್ನ ಅಂಗಡಿಗೆ ಬಂದು ಬೈಯುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಇಲ್ಲಿ ರೂಮು ಅಂದರೆ ಮೊದಲು ಒಣಗಿರಬೇಕು, ಆಮೇಲೆ ಬೆಚ್ಚಗಿರಬೇಕು. ಉಳಿದಿದ್ದು ಆಮೇಲೆ.

ಒಣಗಿಸುವ ಕಷ್ಟ ನಮಗೆ ಹೇಳಿಕೊಡಬೇಕಾ? ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ಒಗೆದು ಹಾಕಿದ ಬೆಡ್‌ಶೀಟು ಮೂರು ದಿನ ಆದರೂ ಒಣಗಲ್ಲ. ಮನೆಗಳಲ್ಲಿ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ, ಹೊಗೆ ವಾಸನೆ ಬಂದರೂ ಬಟ್ಟೆ ಬೆಚ್ಚಗಿರುತ್ತದೆ. ನಿಮ್ಮಲ್ಲಿ ಕೆಲವರು ಮೊದಲು ಡ್ರೈಯರ್ ಓಡಿಸುತ್ತಿದ್ದರು, ಇಲ್ಲವೇ ಲಾಂಡ್ರಿಗೆ ಕಳಿಸುತ್ತಿದ್ದರು. ಈಗ ಕರೆಂಟ್ ಬಿಲ್ ಉಳಿಸಲು ಟೆರೇಸಿನ ಶೀಟಿನಡಿ ನೇತು ಹಾಕಿ, ಅರ್ಧ ಒಣಗುತ್ತಿದ್ದ ಹಾಗೆ ಇಸ್ತ್ರಿ ಎಳೆದು ಹಾಸುತ್ತಾರೆ. ಕಣ್ಣಿಗೆ ಗರಿಗರಿ ಕಾಣುತ್ತದೆ. ಮಲಗಿ ಅರ್ಧ ಗಂಟೆಗೆ ಬೆನ್ನಿಗೆ ತಣ್ಣಗೆ ಹತ್ತುತ್ತದೆ, ದಿಂಬಿನಿಂದ ಮುಗ್ಗಲು ವಾಸನೆ ಏಳುತ್ತದೆ. ರಗ್ಗಂತೂ ಇಡೀ ಮಳೆಗಾಲಕ್ಕೆ ಒಂದೇ ಸಲ ಒಗೆಯುವುದೋ ಏನೋ. ಇನ್ನೊಂದು ರಗ್ಗು ಕೇಳಿದರೆ ಎಕ್ಸ್‌ಟ್ರಾ ಬೆಡ್ ಚಾರ್ಜ್ ಹಾಕುವವರೂ ಇದ್ದಾರೆ ಅಂತ ಕೇಳಿ ನನಗೇ ನಾಚಿಕೆಯಾಯಿತು. ಡಿಸೆಂಬರಿನ ಚಳಿಗೆ ಎರಡನೇ ರಗ್ಗು ಕೇಳುವುದು ದುರಾಸೆಯಾ?

ಬಿಸಿನೀರಿನ ಟೈಮಿಂಗ್ ಅಂತೂ ಇನ್ನೂ ವಿಚಿತ್ರ. ಬೆಳಿಗ್ಗೆ 6ರಿಂದ 8 ಅಂತ ರಿಸೆಪ್ಷನ್ನಿನಲ್ಲಿ ಬೋರ್ಡು. ಅದೇ ಹೋಟೆಲಿನ ಅದೇ ರಿಸೆಪ್ಷನ್ನಿನವರು ಮಾಂದಲ್‌ಪಟ್ಟಿಗೆ ಜೀಪು ಬುಕ್ ಮಾಡಿ ಕೊಡುತ್ತಾರೆ, ಕತ್ತಲಲ್ಲೇ ಹೊರಡಿಸುತ್ತಾರೆ. ಸೂರ್ಯೋದಯ ನೋಡಲು ಹೋದವರು ಮಂಜು ನೋಡಿ, ಮಳೆಯಲ್ಲಿ ತೊಯ್ದು, ಜೀಪಿನಲ್ಲಿ ಕುಲುಕಿ ಮೈಯೆಲ್ಲ ಕೆಸರು ಮಾಡಿಕೊಂಡು ವಾಪಸ್ ಬರುವಾಗ ಒಂಬತ್ತು ದಾಟಿರುತ್ತದೆ. ನಲ್ಲಿ ತಿರುಗಿಸಿದರೆ ತಣ್ಣೀರು. ಜೀಪಿನ ಕಮಿಷನ್ ಬೇಕು, ವಾಪಸ್ ಬಂದವರಿಗೆ ಒಂದು ಬಕೆಟ್ ಬಿಸಿನೀರು ಕೊಡಲಾಗಲ್ಲ ಅಂದರೆ ಹೇಗೆ? ಸೋಲಾರ್ ಇದೆ ಅನ್ನಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬಿಸಿಲೇ ಕಾಣಲ್ಲ, ಸೋಲಾರ್ ಏನು ಮಾಡೀತು? ಹಿತ್ತಲಲ್ಲಿ ಸೌದೆ ಬಾಯ್ಲರ್ ಇಟ್ಟುಕೊಂಡಿರುವ ಹಳೆಯ ಲಾಡ್ಜುಗಳು ಈ ವಿಷಯದಲ್ಲಿ ಎಷ್ಟೋ ವಾಸಿ. ಗೋಡೆಗೆ ಬಣ್ಣ ಇರಲ್ಲ, ನೀರು ಮಾತ್ರ ಕುದಿಯುತ್ತಿರುತ್ತದೆ.

ಕುಡಿಯುವ ನೀರಿನದು ಬೇರೆ ಕಥೆ. ಮೊದಲು ಪ್ರತಿ ಮಹಡಿಯಲ್ಲಿ ಒಂದು ಫಿಲ್ಟರ್ ಇರುತ್ತಿತ್ತು, ಜಗ್ಗು ಹಿಡಿದುಕೊಂಡು ಹೋಗಿ ತುಂಬಿಸಿಕೊಂಡರೆ ಆಯಿತು. ಈಗ ಎಷ್ಟೋ ಕಡೆ ಅದು ಮಾಯ, ಬದಲಿಗೆ ರೂಮಿನಲ್ಲಿ ರೇಟು ಅಂಟಿಸಿದ ಬಾಟಲಿ. ನಾನು ಎಂಆರ್‌ಪಿ ಮೇಲೆ ಒಂದು ರೂಪಾಯಿ ತಗೊಂಡರೆ ದಂಡ ಹಾಕುತ್ತಾರೆ. ಹೋಟೆಲಿನವರು ಜಾಸ್ತಿ ತಗೊಳ್ಳಬಹುದು ಅಂತ 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇರಲಿ, ಕುಳಿತು ತಿನ್ನುವ ಜಾಗ, ಸರ್ವಿಸ್ ಎಲ್ಲ ಕೊಡುತ್ತೀರಿ ಅನ್ನೋದು ಅದರ ಹಿಂದಿನ ಲೆಕ್ಕ. ಆದರೆ ಫಿಲ್ಟರ್ ಕಿತ್ತುಹಾಕಿ ಬಾಟಲಿ ಮಾರಿ ಅಂತ ಕೋರ್ಟು ಹೇಳಲಿಲ್ಲ ಅಲ್ವಾ. ಕಾವೇರಿ ಹುಟ್ಟುವ ಜಿಲ್ಲೆಗೆ ಬಂದವರು ಒಂದು ಲೋಟ ನೀರಿಗೆ ರಾತ್ರಿ ಹನ್ನೊಂದಕ್ಕೆ ಅಂಗಡಿ ಹುಡುಕುತ್ತಿದ್ದಾರೆ.

ಕಾಫಿ ಬಗ್ಗೆ ಬರೆಯಬಾರದು ಅಂದುಕೊಂಡಿದ್ದೆ, ಆಗಲ್ಲ. ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ಇದು. ಕಿಟಕಿ ತೆಗೆದರೆ ರೊಬಸ್ಟಾ ಗಿಡ ಕೈಗೆ ಸಿಗುತ್ತದೆ. ಅಂಥ ರೂಮಿನಲ್ಲಿ ಇನ್‌ಸ್ಟಂಟ್ ಕಾಫಿಯ ಪೊಟ್ಟಣ ಇಡುತ್ತಿದ್ದಿರಿ, ಅದೇ ಒಂದು ಅವಮಾನವಾಗಿತ್ತು. ಈಗ ಅದನ್ನೂ ತೆಗೆದಿದ್ದೀರಿ. ಕಾಫಿ ರೇಟು ಏರಿದೆ, ನಿಜ. ಏರಿದ ಲಾಭ ತಗೊಂಡ ತೋಟದವರೇ ಎಷ್ಟೋ ರೆಸಾರ್ಟುಗಳ ಮಾಲೀಕರೂ ಹೌದು, ಅದೂ ನಿಜ.

ಇದರಲ್ಲೆಲ್ಲ ಜಾಸ್ತಿ ಅನುಭವಿಸುವವರು ನಿಮ್ಮ ಕೆಲಸದ ಹುಡುಗ ಹುಡುಗಿಯರು. ರೂಮು ಕ್ಲೀನ್ ಮಾಡುವ ಒಬ್ಬ ಹುಡುಗಿ ನನ್ನಲ್ಲಿ ರೀಚಾರ್ಜ್ ಮಾಡಿಸಲು ಬರುತ್ತಾಳೆ. "ಅಣ್ಣಾ, ಕೇಳಿದರೆ ಮಾತ್ರ ಕೊಡು ಅಂತಾರೆ. ಕೇಳಿದವರಿಗೆ ಕೊಟ್ಟರೆ ಇವತ್ತು ಯಾಕೆ ಇಷ್ಟು ಖರ್ಚಾಯಿತು ಅಂತ ಬೈಯುತ್ತಾರೆ" ಅಂದಳು. ಸ್ಟೋರಿನ ಬೀಗದ ಕೈ ಮ್ಯಾನೇಜರ್ ಹತ್ತಿರ, ಬೈಗುಳ ಇವಳಿಗೆ. ಮೊದಲು ಇಬ್ಬರು ಮಾಡುತ್ತಿದ್ದ ರೂಮುಗಳನ್ನು ಈಗ ಇವಳೊಬ್ಬಳೇ ಮಾಡುತ್ತಾಳೆ, ಹಾಗಾಗಿ ಚೆಕ್-ಇನ್ ಹನ್ನೆರಡಕ್ಕೆ ಅಂದಿದ್ದು ಎರಡೂವರೆ ಆಗುತ್ತದೆ, ಅಷ್ಟು ಹೊತ್ತು ಜನ ಬ್ಯಾಗಿನ ಮೇಲೆ ಕೂತಿರುತ್ತಾರೆ. ಡ್ರೈವರುಗಳ ಪಾಡು ಕೇಳಲೇಬೇಡಿ. ಅವರಿಗೆ ಅಂತ ಇದ್ದ ಡಾರ್ಮಿಟರಿಯನ್ನು ಎಷ್ಟೋ ಕಡೆ ಸ್ಟೋರ್ ರೂಮ್ ಮಾಡಿದ್ದಾರೆ. ಚಳಿಯಲ್ಲಿ ಕಾರಿನ ಸೀಟು ಹಿಂದಕ್ಕೆ ಬಾಗಿಸಿ ಮಲಗಿ, ಬೆಳಿಗ್ಗೆ ನನ್ನ ಅಂಗಡಿ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದು, ಅದೇ ನಿದ್ದೆಗಣ್ಣಿನಲ್ಲಿ ಸಂಪಾಜೆ ಘಾಟಿ ಇಳಿಯುತ್ತಾರೆ. ಹಿಂದಿನ ಸೀಟಿನಲ್ಲಿ ನಿಮ್ಮದೇ ಗೆಸ್ಟುಗಳು ಕೂತಿರುತ್ತಾರೆ ಅನ್ನೋದು ನೆನಪಿರಲಿ.

ಎಲ್ಲರೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲೇ ಒಂದೆರಡು ರೂಮು ಬಿಟ್ಟುಕೊಟ್ಟು, ಬಂದವರಿಗೆ ಕಡಂಬುಟ್ಟು ಬೇಯಿಸಿ ಬಡಿಸಿ, ಹೋಗುವಾಗ ಒಂದು ಪೊಟ್ಟಣ ಕಾಳುಮೆಣಸು ಕಟ್ಟಿಕೊಡುವ ಹೋಂಸ್ಟೇಯವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರ ಗೆಸ್ಟುಗಳು ನನ್ನಲ್ಲಿ ಸೋಪು ಕೇಳಿದ್ದು ನೆನಪಿಲ್ಲ. ಅವರಿಗೂ ಅದೇ ಜಿಎಸ್‌ಟಿ ಕಾಲ, ಅದೇ ಮಳೆ, ಅದೇ ಕರೆಂಟು.

ಏನೂ ಕೊಡಲಾಗಲ್ಲ ಅನ್ನುವವರೂ ಧಾರಾಳವಾಗಿ ರೂಮು ನಡೆಸಲಿ. ಸಾವಿರ ರೂಪಾಯಿಗೆ ಗೋಡೆ, ಮಂಚ, ಬಾಗಿಲಿಗೆ ಒಂದು ಚಿಲಕ, ಬೇರೇನೂ ಇಲ್ಲ ಅಂತ ಮೊದಲೇ ಹೇಳಿದರೆ ಅದು ನೇರ ವ್ಯಾಪಾರ, ಕಾಲೇಜು ಹುಡುಗರು ಖುಷಿಯಿಂದ ಬರುತ್ತಾರೆ. ಫೋಟೋದಲ್ಲಿ ಕೆಟಲು, ಮಡಚಿದ ಟವೆಲು, ಬಾತ್‌ರೂಮಿನ ತುಂಬ ಸಣ್ಣ ಸಣ್ಣ ಬಾಟಲಿ ತೋರಿಸಿ, ಬಂದ ಮೇಲೆ ಒಂದೊಂದಕ್ಕೂ ಬೇರೆ ಬಿಲ್ ಹಾಕುವುದು ಮೋಸ. ಮೊದಲು ಒಂದು ರೇಟು ತೋರಿಸಿ ಆಮೇಲೆ ಒಂದೊಂದೇ ಸೇರಿಸುತ್ತಾ ಹೋಗುವುದನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ನಿಯಮದಲ್ಲಿ ಆನ್‌ಲೈನ್ ವ್ಯಾಪಾರದ 13 ಮೋಸದ ತಂತ್ರಗಳ ಪಟ್ಟಿಗೆ ಸೇರಿಸಿದೆ. ಹೊಸದೇನೂ ಅಲ್ಲ ಇದು. ಬ್ರಿಟಿಷರ ಕಾಲದ 1867ರ ಸರಾಯ್ (ಅಂದರೆ ಪ್ರಯಾಣಿಕರ ಛತ್ರ) ಕಾಯ್ದೆಯಲ್ಲೇ ತಂಗುವ ಜಾಗದವರು ರೇಟಿನ ಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು ಅಂತಿತ್ತು. ಎತ್ತಿನಗಾಡಿಯಲ್ಲಿ ಬಂದವನಿಗೆ ಸಿಗಬೇಕಾಗಿದ್ದ ಮಾಹಿತಿ ಮೊಬೈಲಿನಲ್ಲಿ ಬುಕ್ ಮಾಡಿ ಬಂದವನಿಗೆ ಸಿಗುತ್ತಿಲ್ಲ.

ಇನ್ನು ಪ್ರವಾಸೋದ್ಯಮ ಇಲಾಖೆಯವರಿಗೆ. ಸ್ಟಾರ್ ಹೋಟೆಲಿಗೆ ಕೇಂದ್ರ ಸಚಿವಾಲಯದ ಪಟ್ಟಿ ಇದೆ. ಹೊಸ ಗೆಸ್ಟ್ ಬಂದಾಗ ಹಾಸಿಗೆ ಬಟ್ಟೆ ಬದಲಾಯಿಸಲೇಬೇಕು ಅನ್ನೋದು ಅದರಲ್ಲಿ ಒಂದು ಸ್ಟಾರಿನವರಿಗೂ ಇದೆ. ಆದರೆ ಸ್ಟಾರ್ ತಗೊಳ್ಳುವುದು ಬಿಡುವುದು ಮಾಲೀಕರ ಇಷ್ಟ, ನಮ್ಮಲ್ಲಿ ಹೆಚ್ಚಿನ ಲಾಡ್ಜು, ಹೋಂಸ್ಟೇಗಳಿಗೆ ಅದರ ಗೊಡವೆಯೇ ಇಲ್ಲ. ಹೋಂಸ್ಟೇ ನೋಂದಣಿ ನಿಮ್ಮ ಕೈಯಲ್ಲೇ ಇದೆ. ನೋಂದಣಿ ಕೊಡುವಾಗ, ನವೀಕರಿಸುವಾಗ ಒಂದು ಹಾಳೆ ಕಡ್ಡಾಯ ಮಾಡಿ: ಬಿಸಿನೀರು ಎಷ್ಟರಿಂದ ಎಷ್ಟರವರೆಗೆ, ಹಾಸಿಗೆ ಬಟ್ಟೆ ಯಾವಾಗ ಬದಲಾಯಿಸುತ್ತಾರೆ, ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಯಾವುದಕ್ಕೆ ಬೇರೆ ದುಡ್ಡು, ಡ್ರೈವರಿಗೆ ಮಲಗಲು ಜಾಗ ಇದೆಯೋ ಇಲ್ಲವೋ. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಬೇಕಿದ್ದರೆ ಮಲಯಾಳಂನಲ್ಲೂ ಬರೆಸಿ, ರಿಸೆಪ್ಷನ್ನಿನ ಗೋಡೆಗೂ ಬುಕಿಂಗ್ ಪುಟಕ್ಕೂ ಹಾಕಿಸಿ. ಅದರ ಕೆಳಗೆ ಗ್ರಾಹಕರ ಸಹಾಯವಾಣಿ 1915 ಅಂತಲೂ ಇರಲಿ. ಇದಕ್ಕೆ ಬಜೆಟ್ಟೂ ಬೇಡ, ಸಮಿತಿಯೂ ಬೇಡ. ಮಳೆಗಾಲದಲ್ಲಿ ಒಂದು ಸಲ ಸುಮ್ನೆ ಗೆಸ್ಟಿನ ಹಾಗೆ ಬಂದು ರೂಮು ಮಾಡಿ ನೋಡಿ. ಮೊದಲೇ ಫೋನ್ ಮಾಡಿ ಬಂದರೆ ನಿಮಗೆ ಟವೆಲಿನ ಹಂಸಪಕ್ಷಿಯೇ ಸಿಗುವುದು.

ಮಡಿಕೇರಿ ದಸರಾಕ್ಕೆ ಜನ ಹೇಗೆ ಬರುತ್ತಾರೆ ಅಂತ ನಿಮಗೆ ಗೊತ್ತು, ಮಂಟಪಗಳ ಮೆರವಣಿಗೆಯ ರಾತ್ರಿ ರೂಮಿಗೆ ಎಷ್ಟು ಕೇಳಿದರೂ ಕೊಡುತ್ತಾರೆ. ಅದಕ್ಕೆ ಮುಂಚೆ ಇಷ್ಟು ಆಗಲಿ. ಇಲಾಖೆ ಮಾಡುವವರೆಗೆ ಕಾಯುವುದೂ ಬೇಡ. ಸರಿಯಾಗಿ ನಡೆಸುತ್ತಿರುವ ಮಾಲೀಕರು ನಿಮ್ಮ ರೂಮಿನಲ್ಲಿ ಏನೇನು ಇರುತ್ತದೆ, ಯಾವುದಕ್ಕೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ ನನ್ನ ಅಂಗಡಿಗೆ ಕಳಿಸಿ. ಕೌಂಟರಿನ ಪಕ್ಕದ ಗೋಡೆ ಖಾಲಿ ಇದೆ, ಅಂಟಿಸುತ್ತೇನೆ. ಇಲ್ಲಿ ಎಲ್ಲಿ ಉಳಿದುಕೊಂಡರೆ ಒಳ್ಳೇದು ಅಂತ ದಿನಾ ಯಾರಾದರೂ ಕೇಳುತ್ತಲೇ ಇರುತ್ತಾರೆ.

ಇಂತಿ,
ಮಡಿಕೇರಿ ಕಡೆಯ ಒಬ್ಬ ಅಂಗಡಿಯವ